ಹನ್ನೆರಡನೆಯವನ ಕ್ಯಾಚು

ಇಷ್ಟಕ್ಕೆಲ್ಲ ಕಾರಣ ಒಂದು ಕಣಜದ ಹುಳ. ಟೀ ಮೇಜಿನ ಮೇಲಿದ್ದ ಸ್ಟ್ರಾಬೆರಿ ಜಾಮನ್ನು ಬಿಟ್ಟು ಅದು ಎದುರು ತಂಡದ ಲಂಬೂ ಬೌಲರನ ಪ್ಯಾಂಟಿನೊಳಗೆ ಹೊಕ್ಕಿತು. ಆತ ಪಿಚ್ ನಡುವೆ ಯಾರೂ ಕಂಡಿರದ ಕುಣಿತವೊಂದನ್ನು ಕುಣಿದು, ಓಡಿಹೋಗಿ ತಣ್ಣೀರಿನ ಬಕೆಟ್ಟಿನಲ್ಲಿ ಕೂತವನು ಮತ್ತೆ ಏಳಲಿಲ್ಲ.

"ಒಬ್ಬ ಕಮ್ಮಿಯಾದ. ಬದಲಿಗೆ ಯಾರನ್ನಾದ್ರೂ ಕೊಡ್ತೀರಾ?" ಎಂದು ಆ ತಂಡದ ಕ್ಯಾಪ್ಟನ್ ಆಗಿದ್ದ ಪಾದ್ರಿ ಕೇಳಿದರು.

ಹಾಕ್ಸ್‌ಬೆಕ್ ತಂಡದ ಕ್ಯಾಪ್ಟನ್ ಓಗ್ಡನ್, ಊರಿನ ಕಟುಕ, ಆಗ ತೊಂಬತ್ತಾರು ರನ್ ಗಳಿಸಿ ಬ್ಯಾಟಿಂಗ್ ಮಾಡುತ್ತಿದ್ದ. ತಲೆ ನರೆತರೂ ಅವನ ಹೆಸರಿನಲ್ಲಿ ಒಂದೂ ಶತಕವಿರಲಿಲ್ಲ. "ಧಾರಾಳವಾಗಿ ಕೊಡೋಣ! ನಮ್ಮ ವಿಲ್ಫ್‌ನ ಕರ್ಕೊಳ್ಳಿ. ಅವನಿಗೂ ಚೆಂಡಿಗೂ ಇನ್ನೂ ಪರಿಚಯವಾಗಿಲ್ಲ" ಎಂದ. ಮೈದಾನವೆಲ್ಲ ನಕ್ಕಿತು.

ವಿಲ್ಫ್ ಪಿಕರ್ಸ್‌ಗಿಲ್ ಮೊಳೆ, ಬೀಗ ಮಾರುವ ಅಂಗಡಿಯವನು. ಎಷ್ಟೋ ವರ್ಷಗಳಿಂದ ತಂಡದ ಹನ್ನೆರಡನೆಯವನು. ನೀರು ಕೊಡುವುದು, ಮೈದಾನಕ್ಕೆ ನುಗ್ಗಿದ ಕುರಿ ಓಡಿಸುವುದು ಅವನ ಕೆಲಸ. ಊರಿನವರು ಅವನನ್ನು 'ಸಬ್' ಎಂದು ಕರೆಯುತ್ತಿದ್ದರು. 'ಸಬ್‌ಸ್ಟಿಟ್ಯೂಟ್' ಅನ್ನುವಷ್ಟು ಉದ್ದದ ಮರ್ಯಾದೆ ಅವನಿಗೇಕೆ ಎಂದು.

ಅವನು ಹಾಲಿನ ಬಣ್ಣದ ಸ್ವೆಟರ್ ಎಳೆದುಕೊಂಡು ಹೊರಟಾಗ, ರನ್ನುಗಳ ಲೆಕ್ಕ ಬರೆಯುವ ಹೆಟ್ಟಿ ಎಚ್ಚರಿಸಿದಳು: "ನೋಡು ವಿಲ್ಫ್, ಬದಲಿಯವನು ಓಡಬಹುದು, ಹಿಡೀಬಹುದು. ಬ್ಯಾಟ್ ಮುಟ್ಟೋ ಹಾಗಿಲ್ಲ, ಬೌಲಿಂಗ್ ಮಾಡೋ ಹಾಗಿಲ್ಲ. ಹಿಡಿದ್ರೂ 'ಸಬ್' ಅಂತ ಬರೀತೀನಿ, ಹೆಸರು ಹಾಕಲ್ಲ."

"ಹೆಸರು ಹಾಕೋಂಥದ್ದು ನನ್ನಿಂದ ಏನಾಗುತ್ತೆ ಹೆಟ್ಟಿ!" ಎಂದ ವಿಲ್ಫ್.

ಪಾದ್ರಿಗಳು ಅವನನ್ನು ದೂರದ ಬೌಂಡರಿಯಲ್ಲಿ, ಟೀ ಮೇಜಿನ ಹತ್ತಿರ ನಿಲ್ಲಿಸಿದರು. ಓಗ್ಡನ್ ಅದನ್ನು ನೋಡಿ ಮುಗುಳ್ನಕ್ಕ. ಮುಂದಿನ ಚೆಂಡನ್ನು ಬೇಕೆಂದೇ ಆ ದಿಕ್ಕಿಗೇ ಬೀಸಿದ.

ಚೆಂಡು ಇಗರ್ಜಿಯ ಗೋಪುರದಷ್ಟು ಮೇಲೇರಿತು. ವಿಲ್ಫ್‌ನ ಎದೆಯೂ ಅದರ ಜೊತೆ ಹೋಯಿತು. ಮುಂದೆ ಓಡಿದ, ಹಿಂದೆ ಓಡಿದ, ಅಟ್ಟದಲ್ಲಿ ಸಿಕ್ಕಿಕೊಂಡ ಕೋಳಿಯಂತೆ ಸುತ್ತಿದ. ತನ್ನದೇ ಕ್ಯಾಪ್ಟನ್! ನಾಲ್ಕು ರನ್ ಬಾಕಿ! ಬಿಟ್ಟರೆ ಯಾರೂ ಏನೂ ಅನ್ನುವುದಿಲ್ಲ; ಬಿಡುವುದೇ ಅವನ ಹಳೇ ಅಭ್ಯಾಸ. ಅಷ್ಟರಲ್ಲಿ ಹೆಂಡತಿ ಐವಿ ಟೀ ಪಾತ್ರೆ ಕೆಳಗಿಟ್ಟು ಕೂಗಿದಳು. ಗಾಳಿಯಲ್ಲಿ ಅವನಿಗೆ ಕೇಳಿಸಿದ್ದು, "ಹಿಡ್ರೀ!"

ಇಷ್ಟು ವರ್ಷಕ್ಕೆ ಅವಳಾದರೂ ತನ್ನನ್ನು ನಂಬಿದಳಲ್ಲ! ವಿಲ್ಫ್ ಕಣ್ಣು ಮುಚ್ಚಿ ಕೈಚಾಚಿ ಹಾರಿದ. ಬಿದ್ದ. ಕಣ್ಣು ಬಿಟ್ಟರೆ ಬೌಂಡರಿ ಹಗ್ಗದಿಂದ ಒಂದು ಗೇಣು ಈಚೆಗೆ, ಚೆಂಡು ಅವನ ಅಂಗೈಯಲ್ಲಿ ಬೆಕ್ಕಿನ ಮರಿಯಂತೆ ಕೂತಿತ್ತು.

ಓಗ್ಡನ್ ಔಟ್. ಪಾದ್ರಿಗಳು ವಿಲ್ಫ್‌ನನ್ನು ತಬ್ಬಿಕೊಂಡರು. ಅವನ ತಂಡದವರು ಮಾತ್ರ ಅವನನ್ನು ಕಣಜ ನೋಡಿದಂತೆ ನೋಡಿದರು. "ನಮ್ಮವನಾಗಿ ಅವರ ಕಡೆ ಆಡಿಬಿಟ್ಯಲ್ಲೋ!" ಎಂದು ಒಬ್ಬ ಹಲ್ಲು ಕಡಿದ. ಹೆಟ್ಟಿ ಹೇಳಿದ ಹಾಗೆಯೇ 'ಸಬ್' ಎಂದು ಬರೆದು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡಳು.

ಸಂಜೆ ವಿಲ್ಫ್ ಅಳುಕುತ್ತಲೇ ಓಗ್ಡನ್‌ನ ಮುಂದೆ ಹೋಗಿ ನಿಂತ. "ತಪ್ಪಾಯ್ತು ಕ್ಯಾಪ್ಟನ್."

"ತಪ್ಪೇನೋ? ನಾನು ಹೊಡೆದೆ, ನೀನು ಹಿಡಿದೆ. ಎಂಥಾ ಕ್ಯಾಚು!" ಓಗ್ಡನ್ ಅವನ ಬೆನ್ನು ತಟ್ಟಿದ. "ನನಗೆ ಬೇಜಾರು ನಿನಗೋಸ್ಕರಾನೇ ಕಣೋ. ಇವತ್ತು ನೂರಾದ್ರೆ ಆಟ ಬಿಟ್ಟು, ನನ್ನ ಜಾಗಕ್ಕೆ ನಿನ್ನನ್ನ ಹಾಕ್ತೀನಿ ಅಂತ ಬೆಳಗ್ಗೆ ಐವಿಗೆ ಮಾತು ಕೊಟ್ಟಿದ್ದೆ. ಈಗ ನೂರಾಗೋ ತನಕ ನಾನು ಆಡಲೇಬೇಕಲ್ಲ!"

ವಿಲ್ಫ್ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ.

"'ಬಿಡ್ರೀ, ಬಿಡ್ರೀ' ಅಂತ ಗಂಟಲು ಹರ್ಕೊಂಡ್ನಲ್ಲ!" ಎಂದಳು ಐವಿ. "ಮದುವೆಯಾದಾಗಿಂದ ಒಂದು ದಿನವಾದ್ರೂ ನನ್ನ ಮಾತು ಸರಿಯಾಗಿ ಕೇಳಿಸ್ಕೊಂಡಿದ್ದೀರಾ?"

ವಿಲ್ಫ್ ಸ್ವೆಟರಿಗೆ ಅಂಟಿದ್ದ ಹುಲ್ಲು ಕೊಡವಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ: "ಆದ್ರೂ ಕ್ಯಾಚು ಚೆನ್ನಾಗಿತ್ತು, ಅಲ್ವೇನೇ?"

ಐವಿಗೆ ನಗು ತಡೆಯಲಾಗಲಿಲ್ಲ. "ಚೆನ್ನಾಗೇ ಇತ್ತು. ಹೋಗಿ ಟೀ ಕಪ್ಪು ತೊಳೀರಿ."