ಗೊಜ್ಜವಲಕ್ಕಿ ಎಂಬ ವೈದ್ಯ

ಐವತ್ತರ ಹತ್ತಿರಕ್ಕೆ ಬರುತ್ತಿದ್ದಂತೆ ಗಂಡಸಿನ ತಲೆಗೂದಲಿನ ಜೊತೆಜೊತೆಗೇ ಅವನನ್ನು ಏಕವಚನದಲ್ಲಿ ಕರೆಯುವವರೂ ಉದುರುತ್ತಾ ಹೋಗುತ್ತಾರೆ. ಕೂದಲಿಗಾದರೆ ಪೇಟೆಯಲ್ಲಿ ಬಗೆಬಗೆಯ ಎಣ್ಣೆಗಳಿವೆ. ಇದಕ್ಕೆ ಯಾವ ಎಣ್ಣೆಯೂ ಇಲ್ಲ. ನನ್ನನ್ನೇ ನೋಡಿ. ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು ನಾನು. ದಾರ, ಗುಂಡಿ, ಜಿಪ್ಪು ಕೇಳಿಕೊಂಡು ಬರುವವರೆಲ್ಲ ‘ಸಾರ್’ ಅನ್ನುತ್ತಾರೆ. ಬಸ್ಸಿನಲ್ಲಿ ಕಂಡಕ್ಟರ್ ‘ಯಜಮಾನ್ರೇ, ಒಳಗ್ ನಡೀರಿ’ ಅನ್ನುತ್ತಾನೆ. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಕ್ರಿಕೆಟ್ ಆಡುವವರಿಗೆ ನಾನು ಕಾಂಪೌಂಡಿನೊಳಗೆ ಬಿದ್ದ ಚೆಂಡು ಎತ್ತಿಕೊಡುವ ಅಂಕಲ್. ಹೆಂಡತಿ ವಸಂತಳಿಗೆ ‘ರೀ’. ಕೊನೆಗೆ ‘ಲೋ’ ಅನ್ನಲು ಉಳಿದಿದ್ದವಳು ಒಬ್ಬಳೇ, ರಾಜಾಜಿನಗರದಲ್ಲಿದ್ದ ನನ್ನ ಅಕ್ಕ. ಭಾನುವಾರ ಅವಳ ಮನೆಗೆ ಹೋದರೆ ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಕೂಗು ಬರುತ್ತಿತ್ತು: “ಲೋ ಸೀನಿ, ಬರಿಗೈಲಿ ಬಂದ್ಯೋ, ಕೊತ್ತಂಬರಿ ಸೊಪ್ಪು ತಂದ್ಯೋ?” ಅವಳು ತೀರಿಕೊಂಡಳು. ಅವಳ ವೈಕುಂಠ ಸಮಾರಾಧನೆಯ ದಿನ ಎಲೆಯ ಮುಂದೆ ಕೂತಾಗ ಬಡಿಸುತ್ತಿದ್ದ ಸೋದರಳಿಯ “ಮಾವ, ನಿಮಗೆ ಸಾರು ಬಡಿಸ್ಲಾ?” ಎಂದ. ಬಹುವಚನದಲ್ಲಿ ಬಡಿಸಿದ ಆ ಸಾರನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಅದೇ ವರ್ಷ ವಸಂತಳಿಗೆ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಸಿಕ್ಕಿ ತಿಪಟೂರಿಗೆ ವರ್ಗವಾಯಿತು. ಶನಿವಾರ ಸಂಜೆಯ ರೈಲಿಗೆ ಬರುವಳು, ಸೋಮವಾರ ಬೆಳಗಿನ ರೈಲಿಗೆ ಹೋಗುವಳು. ನಮಗೆ ಮಕ್ಕಳಿಲ್ಲ. ಉಳಿದ ದಿನಗಳಲ್ಲಿ ಮನೆಯೊಳಗೆ ಮಾತಾಡುತ್ತಿದ್ದದ್ದು ನಾನು ಮತ್ತು ಕುಕ್ಕರು. ಇಬ್ಬರಲ್ಲಿ ಕುಕ್ಕರೇ ಹೆಚ್ಚು. ಒಂದು ಸೋಮವಾರ ಅವಳನ್ನು ಯಶವಂತಪುರದಲ್ಲಿ ರೈಲು ಹತ್ತಿಸಿ, ಹೊತ್ತು ಹೋಗಲೆಂದು ಪ್ಲಾಟ್‌ಫಾರಂ ಅಂಗಡಿಯಲ್ಲಿ ಒಂದು ಕಂಪ್ಯೂಟರ್ ಪತ್ರಿಕೆ ಕೊಂಡೆ. ಅದರ ಜೊತೆ ಪುಕ್ಕಟೆಯಾಗಿ ಒಂದು ಸಿ.ಡಿ. ಇತ್ತು. ಪ್ರಶ್ನೆಪತ್ರಿಕೆ ಟೈಪು ಮಾಡಲೆಂದು ವಸಂತ ತೆಗೆದುಕೊಂಡಿದ್ದ ಕಂಪ್ಯೂಟರು ಮನೆಯಲ್ಲಿ ಬಟ್ಟೆ ಹೊದ್ದುಕೊಂಡು ಕೂತಿತ್ತು. ಸಿ.ಡಿ. ಹಾಕಿದೆ. ಬ್ರಾಡ್‌ಬ್ಯಾಂಡ್ ಪೆಟ್ಟಿಗೆ ಮಿಣುಕಿತು, ತೆರೆಯ ಮೇಲೆ ಬೆಟ್ಟ, ಕೋಟೆ, ರಾಕ್ಷಸರು ತುಂಬಿದ ಒಂದು ಲೋಕ ತೆರೆದುಕೊಂಡಿತು. ಅಲ್ಲಿ ಓಡಾಡುತ್ತಿದ್ದ ಒಂದೊಂದು ಬೊಂಬೆಯ ಹಿಂದೆಯೂ ಒಬ್ಬ ನಿಜವಾದ ಮನುಷ್ಯ ಎಲ್ಲೋ ತನ್ನ ಮನೆಯಲ್ಲಿ ಕೂತಿರುತ್ತಾನೆ ಎಂದು ತಿಳಿದಾಗ ನಾನು ಎದ್ದು ಅಂಗಿ ಹಾಕಿಕೊಂಡು ಬಂದು ಕೂತೆ. ಬನಿಯನ್ನಿನಲ್ಲಿ ಹೇಗೆ ಹೋಗುವುದು!

ಮೊದಲು ಹೆಸರು ಕೇಳಿತು. ಭೀಮ ಎಂದೆ, ಆಗಲೇ ಇದ್ದಾನೆ ಎಂದಿತು. ಅರ್ಜುನನೂ ಇದ್ದ, ಘಟೋತ್ಕಚನೂ ಇದ್ದ, ಕೊನೆಗೆ ಶಕುನಿಯೂ ಇದ್ದ. ಬೇಸತ್ತು, ಪಕ್ಕದ ತಟ್ಟೆಯಲ್ಲಿ ಏನಿತ್ತೋ ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪು ಮಾಡಿದೆ: ಗೊಜ್ಜವಲಕ್ಕಿ. ಒಪ್ಪಿಕೊಂಡಿತು. ಆಮೇಲೆ ಏನಾಗಬೇಕು ಎಂದು ಕೇಳಿತು. ಯೋಧನೋ, ಮಾಂತ್ರಿಕನೋ, ವೈದ್ಯನೋ? ಬದುಕಿನಲ್ಲಿ ಯಾರೂ ಕೇಳದ ಪ್ರಶ್ನೆ ಇದು. ನಾನು ಸ್ಟೋರ್ಸಿಗೆ ಸೇರಿದ್ದು ಅಲ್ಲಿ ಕುರ್ಚಿ ಖಾಲಿ ಇತ್ತೆಂದು. ಹಾಗಾಗಿ ಈ ಸಲ ಧಾರಾಳವಾಗಿ ಯೋಚಿಸಿ, ನನ್ನ ಮೂರರಷ್ಟು ದಪ್ಪದ ಯೋಧನನ್ನು ಆರಿಸಿ ಕೈಗೆ ಕೊಡಲಿ ಕೊಟ್ಟೆ. ಕೊಂದ ರಾಕ್ಷಸರಿಗೆ ತಕ್ಕಂತೆ ಅಂಕಗಳು ಸಿಗುತ್ತವೆ. ಅವನ್ನು ಬಲ, ಚುರುಕು, ಬುದ್ಧಿ, ತಾಳಿಕೆ ಎಂಬ ನಾಲ್ಕು ಗುಣಗಳಿಗೆ ನಾವೇ ಹಂಚಬೇಕು. ನಾನು ಸ್ಟೋರ್ಸಿನವನಲ್ಲವೇ, ಯಾರಿಗೂ ಬೇಜಾರಾಗದಂತೆ ಎಲ್ಲಕ್ಕೂ ಸಮನಾಗಿ ಹಂಚಿಬಿಟ್ಟೆ. ಅದರ ಫಲವಾಗಿ ನನ್ನ ದೈತ್ಯನನ್ನು ಊರಾಚೆಯ ಕಾಡುಹಂದಿಗಳೂ ಅಟ್ಟಿಸಿಕೊಂಡು ಬಂದು ಕೊಲ್ಲುತ್ತಿದ್ದವು.

ಹಾಗೆ ಸತ್ತು ಬಿದ್ದಿದ್ದ ಒಂದು ಸಂಜೆ, ಗುರಾಣಿ ಹಿಡಿದ ಒಬ್ಬ ಹತ್ತಿರ ಬಂದು ನಿಂತ. ತೆರೆಯ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಮೂಡಿತು: “ಲೋ ಗೊಜ್ಜು, ಬೆಂಗ್ಳೂರಾ?”

ನಾನು ಕುರ್ಚಿಯಲ್ಲಿ ನೆಟ್ಟಗಾದೆ. ಒಂದು ಸಲ ಹಿಂದೆ ತಿರುಗಿಯೂ ನೋಡಿದೆನೆಂದು ಕಾಣುತ್ತದೆ. ಹೌದು ಎಂದೆ. “ಕೊಡಲಿ ಹಿಡ್ದೋನಿಗೆ ಬುದ್ಧಿ ಯಾಕೋ ಹಾಕ್ದೆ? ದಡ್ಡ! ಈ ಥರ ಕಲಸುಮೇಲೋಗರ ಮಾಡಿದ್ರೆ ಯಾವನೂ ಗ್ರೂಪಿಗೆ ಸೇರಿಸ್ಕೊಳಲ್ಲ ಮಗಾ” ಎಂದ. ಅವನು ಮಂಜ, ನಾಯಂಡಹಳ್ಳಿಯವನು, ಡಿಪ್ಲೊಮಾ ಓದುತ್ತಿದ್ದ. ಅವನ ಜೊತೆಗಾರ ಬಸು ಬಾಗಲಕೋಟೆಯಿಂದ ಬಂದು ಕೆಂಗೇರಿಯಲ್ಲಿ ರೂಮು ಮಾಡಿಕೊಂಡಿದ್ದ. ಆಟದಲ್ಲಿ ಬೆಂಕಿ ಉಗುಳುವ ಮಾಂತ್ರಿಕ. ಅವರಿಬ್ಬರಿಗೂ ಬೇಕಿದ್ದದ್ದು ವೈದ್ಯ. ಯಾರಿಗೂ ವೈದ್ಯನಾಗುವ ಆಸೆ ಇರುವುದಿಲ್ಲವಂತೆ, ಹೊಡೆಯುವ ಸುಖ ಇಲ್ಲವಲ್ಲ. “ಆ ದೈತ್ಯನ್ನ ಅಳಿಸಾಕಿ ವೈದ್ಯ ಆಗೋ, ನಾವ್ ಹೇಳ್ಕೊಡ್ತೀವಿ” ಎಂದ ಮಂಜ. ದೈತ್ಯನನ್ನು ಅಳಿಸಿದೆ. ಅದೇ ಹೆಸರಿನಲ್ಲಿ ಬಿಳಿ ನಿಲುವಂಗಿಯ ಬಡಕಲು ವೈದ್ಯನಾಗಿ ಹುಟ್ಟಿ ಬಂದೆ. ಅಂಕಗಳೆಲ್ಲ ಬುದ್ಧಿಗೇ ಹೋದವು. ಬಲ ಸೊನ್ನೆ. ಸ್ವಂತ ದೇಹಕ್ಕೆ ಹೆಚ್ಚು ಹತ್ತಿರವಾಗಿದ್ದದ್ದರಿಂದ ಬೇಗ ಹೊಂದಿಕೊಂಡೆ.

ಯುದ್ಧದಲ್ಲಿ ವೈದ್ಯನ ಕೆಲಸ ಮನೆಯಲ್ಲಿ ಒಗ್ಗರಣೆ ಹಾಕಿದಂತೆ. ಎಲ್ಲಕ್ಕೂ ಒಂದು ಕ್ರಮವಿದೆ. ಮೊದಲು ಮಂಜನ ಮೇಲೆ ರಕ್ಷೆಯ ಮಂತ್ರ, ಆಮೇಲೆ ನಿಧಾನವಾಗಿ ಗಾಯ ಮಾಯಿಸುವ ಮಂತ್ರ, ಅವನು ಒದೆ ತಿನ್ನಲು ಶುರುಮಾಡಿದಾಗ ಸಣ್ಣ ಮಂತ್ರ, ಇನ್ನೇನು ಸತ್ತ ಎನ್ನುವಾಗ ದೊಡ್ಡದು. ದೊಡ್ಡದನ್ನು ಆತುರಪಟ್ಟು ಮೊದಲೇ ಹಾಕಿದರೆ ವೈದ್ಯನ ಶಕ್ತಿಯೆಲ್ಲ ಬರಿದಾಗಿ, ಉಳಿದ ಯುದ್ಧವನ್ನು ಅವನು ಪ್ರೇಕ್ಷಕನಾಗಿ ನೋಡಬೇಕು. ಒಂದೊಂದು ಮಂತ್ರಕ್ಕೂ ಕೀಬೋರ್ಡಿನ ಒಂದೊಂದು ಅಂಕಿ. ಈ ಕ್ರಮವನ್ನು ನಾನು ಬಸ್ಸಿನಲ್ಲಿ ಟಿಫಿನ್ ಡಬ್ಬಿಯ ಮೇಲೆ ಬೆರಳಾಡಿಸಿ ಅಭ್ಯಾಸ ಮಾಡಿದೆ. ಆಫೀಸಿನಲ್ಲಿ ಮೇಜಿನ ಮೇಲೆ ಮಾಡಿದೆ. ಗುಂಡಿ ಕೇಳಲು ಬಂದಿದ್ದ ಸೂಪರ್‌ವೈಸರ್ ಸರೋಜಮ್ಮ ನನ್ನ ಬೆರಳುಗಳನ್ನೇ ನೋಡಿ, “ಸಾರ್ ಕೋಪದಲ್ಲಿದಾರೆ, ಆಮೇಲ್ ಬರ್ತೀನಿ” ಎಂದು ವಾಪಸು ಹೋದಳು.

ಸಂಜೆ ಮನೆಗೆ ಬಂದು, ಕಾಫಿ ಮಾಡಿಕೊಂಡು ಕೂತರೆ ಆಯಿತು, ಬೈಗುಳದ ಸುರಿಮಳೆ. “ಲೋ ಗೊಜ್ಜು, ನಿದ್ದೆ ಮಾಡ್ತಿದ್ಯೇನೋ? ಸಾಯ್ತಿದೀನಿ ಕಣೋ!” ಎಂದು ಮಂಜ. “ಲೇ ಗೊಜ್ಜ, ಎಲ್ಲಿ ಹಾಳಾಗಿ ಹೋದಿಲೇ, ಈ ಕಡಿ ನೋಡಲೇ!” ಎಂದು ಬಸು. ಯುದ್ಧ ಎಂಬುದು ಹೇಗಿರುತ್ತದೆ ಎಂದು ನಾನು ನೋಡಲೇ ಇಲ್ಲ. ವೈದ್ಯನ ಕಣ್ಣಿಗೆ ಕಾಣುವುದು ಗೆಳೆಯರ ಪ್ರಾಣವನ್ನು ತೋರಿಸುವ ಎರಡು ಹಸಿರು ಗೆರೆಗಳು ಮಾತ್ರ. ಅವು ಕುಗ್ಗಿದರೆ ನನ್ನೆದೆ ಡವಗುಟ್ಟುವುದು, ಹಿಗ್ಗಿದರೆ ಕಾಫಿ ಗುಟುಕರಿಸುವುದು. ಗೆದ್ದ ಮೇಲೆ ಮಂಜ “ಸೂಪರ್ ಮಗಾ” ಎಂದರೆ, ಆ ಖಾಲಿ ಮನೆಯಲ್ಲಿ ನಾನೊಬ್ಬನೇ ಹಲ್ಲು ಕಿರಿದುಕೊಂಡು ಕೂತಿರುತ್ತಿದ್ದೆ.

ಫೋನಿನಲ್ಲಿ ವಸಂತಳಿಗೆ ಹೇಳಿದೆ. ಅವಳು “ನನಗೆ ಜ್ವರ ಬಂದಾಗ ಮಾತ್ರೆ ಡಬ್ಬಿ ಎಲ್ಲಿದೆ ಅಂತ ನನ್ನನ್ನೇ ಎಬ್ಬಿಸಿ ಕೇಳಿದ್ರಿ. ಅಲ್ಲಿ ನೀವು ವೈದ್ಯರಾ?” ಎಂದಳು. ಆಮೇಲೆ ದನಿ ತಗ್ಗಿಸಿ, “ಹೋಗ್ಲಿ ಬಿಡಿ. ಜೊತೆಗೆ ಯಾರೋ ಇದಾರಲ್ಲ” ಎಂದಳು. ತಿಪಟೂರಿನ ಬಾಡಿಗೆ ಕೋಣೆಯಲ್ಲಿ ಅವಳ ಜೊತೆಗೆ ಯಾರಿದ್ದಾರೆ ಎಂದು ಕೇಳಬೇಕೆನಿಸಿತು. ಕೇಳಲು ಧೈರ್ಯವಾಗಲಿಲ್ಲ.

ಹೀಗೆ ನಡೆಯುತ್ತಿರಲು, ಭೇಟಿಯಾಗೋಣ ಎಂದು ಮಂಜ ಹಟ ಹಿಡಿದ. ಬಹಳ ದಿನದಿಂದ ಸೋಲಿಸಲಾಗದಿದ್ದ ಒಬ್ಬ ರಾಕ್ಷಸರಾಜನನ್ನು ಅಂದು ಕೊಂದಿದ್ದೆವು. ಅದರ ಸಂತೋಷಕ್ಕೆ ವಿಜಯನಗರದ ಬಸ್ ನಿಲ್ದಾಣದ ಹತ್ತಿರದ ದರ್ಶಿನಿಯಲ್ಲಿ ಮಸಾಲೆ ದೋಸೆ. ನನಗೆ ಕೆಲಸವಿದೆ ಎಂದೆ, ಹೊಟ್ಟೆನೋವು ಎಂದೆ. “ಬರ್ದೇ ಇದ್ರೆ ಗ್ರೂಪಿಂದ ಔಟ್ ಕಣೋ” ಎಂದ. ವಯಸ್ಸನ್ನು ಅವರು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ಶನಿವಾರ ಬೆಳಿಗ್ಗೆ ಬೀರುವಿನ ಮುಂದೆ ನಿಂತು, ಇದ್ದುದರಲ್ಲೇ ಗೆರೆಗೆರೆಯ ಅಂಗಿ ಹಾಕಿಕೊಂಡೆ. ಅದರಲ್ಲಿ ನಾನು ನಲವತ್ತೈದರವನಂತೆ ಕಾಣುತ್ತೇನೆ ಎಂದು ವಸಂತ ಒಮ್ಮೆ ಹೇಳಿದ್ದಳು. ಹಾಗೆ ಹೇಳಿದಾಗ ನನಗೆ ನಲವತ್ತೇ ಆಗಿತ್ತು ಎಂಬುದು ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು.

ದರ್ಶಿನಿಯಲ್ಲಿ ಎತ್ತರದ ಸ್ಟೀಲ್ ಮೇಜಿನ ಮುಂದೆ ಕಾಫಿ ಹಿಡಿದು ನಿಂತಿದ್ದೆ. ಕೆಂಪು ಟೋಪಿಯ ತೆಳ್ಳನೆಯ ಹುಡುಗ, ಅವನ ಹಿಂದೆ ಎಣ್ಣೆ ಹಚ್ಚಿ ತಲೆ ಬಾಚಿದ ಇನ್ನೊಬ್ಬ ಬಂದರು. ಕೆಂಪು ಟೋಪಿ ಹಾಕಿಕೊಂಡು ಬರುತ್ತೇನೆಂದು ಮಂಜನೇ ಹೇಳಿದ್ದ. ಅವನು ನೇರವಾಗಿ ನನ್ನ ಬಳಿಗೆ ಬಂದು, “ಅಂಕಲ್, ಸ್ವಲ್ಪ ಆ ಕಡೆ ಜರುಗ್ತೀರಾ? ನಮ್ ಫ್ರೆಂಡೊಬ್ಬ ಬರ್ಬೇಕು” ಎಂದ.

ಜರುಗಿದೆ. ಜರುಗಿ ನಿಂತು ಕಾಫಿ ಮುಗಿಸಿ ಹೊರಟುಬಿಡಬಹುದಿತ್ತು. ಅಷ್ಟರಲ್ಲಿ ಅವನು ಬಾಗಿಲ ಕಡೆ ನೋಡುತ್ತಾ, “ಬರ್ತಾನೆ ಕಣೋ, ನಮ್ ಗೊಜ್ಜು ಕೈ ಕೊಡಲ್ಲ” ಎಂದು ಬಸುವಿಗೆ ಹೇಳಿದ. ಆ ಮಾತು ಕೇಳಿದ ಮೇಲೆ ಹೋಗಲು ಕಾಲು ಬರಲಿಲ್ಲ.

“ಮಂಜ” ಎಂದೆ. “ನಾನೇ ಕಣೋ ಗೊಜ್ಜು.”

ಇಬ್ಬರೂ ನನ್ನನ್ನು ತಲೆಯಿಂದ ಚಪ್ಪಲಿಯವರೆಗೆ ನೋಡಿದರು. ಮಂಜನ ಕೈ ತಾನಾಗಿ ಮೇಲೆ ಹೋಗಿ ಟೋಪಿ ತೆಗೆಯಿತು. ಬಸು ಇನ್ನೂ ಮುಂದೆ ಹೋಗಿ, ಆ ಗಿಜಿಗಿಜಿಯ ನಡುವೆ ಬಗ್ಗಿ ನನ್ನ ಕಾಲು ಮುಟ್ಟಿ, “ತಪ್ಪು ತಿಳೀಬ್ಯಾಡ್ರೀ ಸರ, ಬಾಯಿಗೆ ಬಂದಂಗ ಬೈದೀವಿ” ಎಂದ. ಪಕ್ಕದಲ್ಲಿ ಇಡ್ಲಿ ತಿನ್ನುತ್ತಿದ್ದವರು ನನ್ನನ್ನು ಯಾವುದೋ ಮಠದವನೆಂದು ತಿಳಿದು ಸರಿದು ದಾರಿ ಕೊಟ್ಟರು. ದೋಸೆ ಬಂತು. ಮಂಜ ನನ್ನ ಆಫೀಸಿನ ಬಗ್ಗೆ ಕೇಳಿದ. ಬಸು, ಮನೆಯಲ್ಲಿ ಎಲ್ಲರೂ ಆರಾಮೇನ್ರಿ ಎಂದ. ರಾಕ್ಷಸರಾಜನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಹೊರಡುವಾಗ ಇಬ್ಬರೂ ಸೇರಿ ನನ್ನನ್ನು ಕೈಹಿಡಿದು ರಸ್ತೆ ದಾಟಿಸಿದರು. ನಲವತ್ತೊಂಬತ್ತಕ್ಕೇ!

ಮುಂದಿನ ಸಂಜೆಗಳಲ್ಲಿ ಆಟವೇ ಬದಲಾಯಿತು. “ಸಾರ್, ಬಿಡುವಾದಾಗ ಸ್ವಲ್ಪ ಹೀಲ್ ಮಾಡಿ” ಎನ್ನುತ್ತಿದ್ದ ಮಂಜ, ಬೆನ್ನಿಗೆ ಐದಾರು ರಾಕ್ಷಸರನ್ನು ಅಂಟಿಸಿಕೊಂಡು. ಒಂದು ದಿನ ನನ್ನ ಕೈ ತಡವಾಗಿ ಅವನು ಸತ್ತ. ನಾನು ಆಸೆಯಿಂದ ತೆರೆಯ ಕೆಳಗೆ ನೋಡಿದೆ. “ಪರ್ವಾಗಿಲ್ಲ ಸಾರ್, ನಂದೇ ತಪ್ಪು” ಎಂದು ಬಂತು. ಮರುದಿನ ಬೇಕೆಂದೇ ಕೈಕಟ್ಟಿ ಕೂತು, ಅವನ ಹಸಿರು ಗೆರೆ ಪೂರ್ತಿ ಬರಿದಾಗುವುದನ್ನು ನೋಡಿದೆ. “ನಿಮಗೆ ಸುಸ್ತಾಗಿರ್ಬೇಕು, ರೆಸ್ಟ್ ತಗೊಳ್ಳಿ ಸಾರ್” ಎಂದ ಪುಣ್ಯಾತ್ಮ.

ತಡೆಯಲಾಗದೆ ಕೇಳಿಯೇಬಿಟ್ಟೆ: “ಮಂಜ, ಮೊದಲಿನ ಹಾಗೇ ಲೋ ಅನ್ನು.”

“ಹೆಂಗ್ ಸಾರ್? ನಮ್ಮಪ್ಪನ ವಯಸ್ಸು ನಿಮ್ಗೆ.”

“ಪರವಾಗಿಲ್ಲ, ಅನ್ನು.”

ಆಮೇಲೆ ಬಂತು: “ಲೋ ಸಾರ್.”

ಪಾಪ, ಅವನಿಂದಾದದ್ದು ಅಷ್ಟೇ. ಕೆಲವು ದಿನಗಳಲ್ಲಿ ಅವರಿಗೆ ಪರೀಕ್ಷೆ ಬಂತು. ಪರೀಕ್ಷೆ ಮುಗಿದ ಮೇಲೂ ಅವರು ಬರುವುದು ಕಡಿಮೆಯಾಯಿತು. ಬಂದರೂ “ನಮಸ್ತೆ ಸಾರ್” ಎಂದು ಬೇರೆ ಗುಂಪಿನ ಜೊತೆ ಹೋಗುವರು. ಬೈಯಲಾಗದ ವೈದ್ಯನ ಜೊತೆ ಯುದ್ಧ ಮಾಡುವುದು ಕಷ್ಟವೇ. ನಾನು ಅವರನ್ನು ದೂರುವುದಿಲ್ಲ.

ಸೋಲೊಪ್ಪದೆ ಬೇರೆ ಹೆಸರಿನಲ್ಲಿ ಮತ್ತೆ ಹುಟ್ಟಿದೆ. ಈ ಸಲ ಗುರಾಣಿ ಹಿಡಿದ ಯೋಧ, ಅಂಕಗಳೆಲ್ಲ ತಾಳಿಕೆಗೆ. ಕೇಳಿದವರಿಗೆ ಬಿ.ಕಾಂ. ಎರಡನೇ ವರ್ಷ ಎಂದೆ. ಹೊಸ ಗುಂಪು ಸಿಕ್ಕಿತು. ಹೊಸ ಬೈಗುಳಗಳು ಸಿಕ್ಕವು. ನಾನೂ ಬೈಯಲು ಕಲಿತೆ, ಚೆನ್ನಾಗಿಯೇ ಕಲಿತೆ. ಒಂದು ಸಂಜೆ ಹೊಸದಾಗಿ ಬಂದ ವೈದ್ಯನೊಬ್ಬ, ಯುದ್ಧ ಶುರುವಾಗುವ ಮೊದಲೇ ತನ್ನ ಅತಿ ದೊಡ್ಡ ಮಂತ್ರವನ್ನು ಒಂದು ಗಾಯವೂ ಆಗದ ನನ್ನ ಮೇಲೆ ಸುರಿದು ಬರಿದಾಗಿ ನಿಂತ. ನಾವೆಲ್ಲ ಸತ್ತೆವು. “ಲೋ ದಡ್ಡ ಶಿಖಾಮಣಿ, ಯಾರೋ ನಿಂಗೆ ವೈದ್ಯ ಆಗು ಅಂದಿದ್ದು?” ಎಂದೆ. ಉಳಿದವರೆಲ್ಲ ನಕ್ಕು ಬೇರೆಡೆ ಹೋದರು. ಅವನು ಮಾತ್ರ ಉಳಿದು, ಒಂದೊಂದೇ ಅಕ್ಷರ ಹುಡುಕಿ ಒತ್ತುವವನಂತೆ ನಿಧಾನವಾಗಿ ಬರೆದ: “ತಪ್ಪಾಯ್ತಪ್ಪ. ಹೊಸಬ. ರಿಟೈರ್ಡ್ ಹೆಡ್‌ಮಾಸ್ಟರು. ಮಹಾಲಕ್ಷ್ಮಿ ಲೇಔಟ್. ಇನ್ನೊಂದ್ಸಲ ಹೇಳ್ಕೊಡು. ಬೈದ್ರೆ ಪರವಾಗಿಲ್ಲ, ನಂಗೆ ಇಷ್ಟ.”

ನಾನು ಯೋಚಿಸುವ ಮೊದಲೇ ನನ್ನ ಬೆರಳುಗಳು ಬರೆದು ಕಳಿಸಿಯಾಗಿತ್ತು: “ಕ್ಷಮಿಸಿ ಸಾರ್, ಗೊತ್ತಾಗಲಿಲ್ಲ.”

ಉತ್ತರ ಬಂತು: “ಇಲ್ಲೂ ಸಾರಾ?”

ನಾನು ಬರೆಯಬೇಕಾಗಿದ್ದದ್ದು ಒಂದು ‘ಲೋ’, ಇಂಗ್ಲಿಷಿನ ಎರಡೇ ಅಕ್ಷರ, ಕೀಬೋರ್ಡಿನಲ್ಲಿ ಒಂದರ ನೆತ್ತಿಯ ಮೇಲೆ ಇನ್ನೊಂದು ಕೂತಿರುವಂಥವು. ಆ ಬಿಳಿ ನಿಲುವಂಗಿಯವನು ತೆರೆಯ ಮೇಲೆ ಕಾಯುತ್ತಾ ನಿಂತಿದ್ದ. ಎರಡು ಸಲ ಬರೆದೆ, ಎರಡು ಸಲವೂ ಅಳಿಸಿದೆ. ಕೊನೆಗೆ, “ಕಾಫಿ ಆಯ್ತಾ ಸಾರ್?” ಎಂದು ಕೇಳಿದೆ.