ಅಕ್ಷತೆ ಬೀಳೋತನಕ ಯಾರೂ ಸಾಯಬಾರದು

ಹಾವೇರಿಯಲ್ಲಿ ನಾನು ಮದುವೆ ಮಾಡಿಸಿಕೊಡುವ ಆಫೀಸು ತೆರೆದಾಗ, "ಲಗ್ನಾ ಮಾಡಾಕ ನಮಗ ಬರೂದಿಲ್ಲೇನು?" ಎಂದು ನಕ್ಕವರೇ ಮುಂದೆ ಮಗಳ ಮದುವೆಗೆಂದು ಬಂದು ಕುರ್ಚಿ ಎಳೆದು ಕೂತರು. ಕೆಲಸ ಚೆನ್ನಾಗಿ ನಡೆಯಿತು. ಅಡುಗೆಯವರು, ಹೂವಿನವರು, ಪೆಂಡಾಲಿನವರು ನಾನು ಹೇಳಿದ ಹೊತ್ತಿಗೆ ಬರಬೇಕು. ಬಾರದವರಿಗೆ ಮುಂದಿನ ಮದುವೆ ಇಲ್ಲ. ಈ ಶಿಸ್ತಿಗೆ ಬಗ್ಗದವನು ಯಮ ಒಬ್ಬನೇ. ಮದುವೆ ಮನೆಗೆ ಅವನು ಕರೆಯದೆಯೂ ಬರುತ್ತಲೇ ಇರುತ್ತಾನೆ. ತಾನು ಬರಲಾಗದಿದ್ದರೆ ತನ್ನ ಕಡೆಯವರನ್ನಾದರೂ ಕಳಿಸುತ್ತಾನೆ.

ಬ್ಯಾಂಡಿನವರು

ರಾಣೆಬೆನ್ನೂರಿನಲ್ಲಿ ಮದುಮಗನ ಮೆರವಣಿಗೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಬ್ಯಾಂಡಿನಿಂದ ಹೆಣದ ಮುಂದೆ ನುಡಿಸುವ ಭಜನೆಯ ಧಾಟಿ ಕೇಳಿಸಿತು. ಓಡಿಹೋಗಿ ಬ್ಯಾಂಡ್ ಮಾಸ್ತರನನ್ನು ಹಿಡಿದೆ.

"ಏನಿದು?"

"ಮುಂಜಾನೆ ಒಂದು ಮಣ್ಣು ಮುಗಿಸಿ ಬಂದೇವ್ರಿ ಸರ್. ಇಲ್ಲೀತನಕ ಛಲೋನ ಬಾರಿಸಾಕತ್ತಿದ್ವಿ. ಹಿಂದ ತಿರುಗಿ ನಿಮ್ಮ ಬೀಗರ ನಡಿಗಿ ನೋಡಿದ್ವಿ ನೋಡ್ರಿ, ಕೈ ತಾನ ಆ ಕಡೆ ಹೋತು."

ನಾನೂ ತಿರುಗಿ ನೋಡಿದೆ. ಬಿಸಿಲಿಗೆ ತಲೆಯ ಮೇಲೆ ಟವೆಲ್ಲು ಹಾಕಿಕೊಂಡು, ನೆಲ ನೋಡುತ್ತ, ಒಬ್ಬರೂ ಮಾತಾಡದೆ ಬರುತ್ತಿದ್ದರು. ಮದುಮಗನ ಗೆಳೆಯರು ಮಾತ್ರ ಆ ಭಜನೆಗೂ ಕುಣಿಯುತ್ತಿದ್ದರು.

ಮುಖ್ಯ ಅತಿಥಿ

ಹಾವೇರಿಯ ಒಂದು ಮದುವೆಗೆ ಮುಖಂಡರೊಬ್ಬರು ಬಂದರು. ಅಕ್ಷತೆಗೆ ಮೊದಲು ಇಂಥವರು ನಾಲ್ಕು ಮಾತು ಆಡುವುದು ನಮ್ಮ ಕಡೆಯ ಪದ್ಧತಿ. ಇವರು ಯಾವುದೋ ಸತ್ತವರ ಮನೆಯಿಂದ ನೇರ ಬಂದಿದ್ದರು. ಮೈಕ್ ಹಿಡಿದು ಕಣ್ಣು ಮುಚ್ಚಿದರು.

"ಈ ದುಃಖವನ್ನು ತಡೆದುಕೊಳ್ಳುವ ಶಕ್ತಿಯನ್ನು ದೇವರು ಎರಡೂ ಕುಟುಂಬಗಳಿಗೆ ಕೊಡಲಿ."

ನಾನು ಮೈಕ್ ಬಂದ್ ಮಾಡಿಸಿದೆ. ಎರಡು ವರ್ಷದ ಮೇಲೆ ಹೆಣ್ಣಿನ ತಂದೆ ಕೋರ್ಟಿನ ಮುಂದೆ ಸಿಕ್ಕರು. ಮಗಳ ವಿಚ್ಛೇದನದ ಕೇಸು ನಡೆದಿತ್ತು.

"ಅವತ್ತ ನೀವು ಮೈಕ್ ಬಂದ್ ಮಾಡಿಸಬಾರದಿತ್ರಿ ಸರ್," ಎಂದರು. "ಅಷ್ಟು ಮಂದಿಯೊಳಗ ಖರೇ ಮಾತಾಡಿದವರು ಅವರೊಬ್ರ."

ಅಜ್ಜಿ

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯ ಮಗಳ ಮದುವೆ ಒಮ್ಮೆ ನಿಂತುಹೋಗಿತ್ತು. ದೊಡ್ಡಪ್ಪ ತೀರಿಕೊಂಡು ಮೈಲಿಗೆಯಾಗಿತ್ತು. ಇನ್ನೊಮ್ಮೆ ನಿಂತರೆ ಬೇರೆ ಹೆಣ್ಣು ನೋಡುತ್ತೇವೆ ಎಂದು ರಾಣೆಬೆನ್ನೂರಿನ ಬೀಗರು ಕಡ್ಡಿ ಮುರಿದಂತೆ ಹೇಳಿದ್ದರು. ಈಗ ಮದುವೆಯ ಬೆಳಿಗ್ಗೆಯೇ ಹುಡುಗಿಯ ಅಜ್ಜಿಗೆ ಉಸಿರು ಸಿಕ್ಕುತ್ತಿಲ್ಲ. ಇವತ್ತು ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿ ಹೋಗಿದ್ದರು. ಮೊಮ್ಮಗಳ ಮಂಗಳವಾದ್ಯ ಕೇಳಿಯೇ ಹೋಗುತ್ತೇನೆಂದು ಹಟ ಹಿಡಿದು, ಆಕೆ ಕಲ್ಯಾಣ ಮಂಟಪದ ಒಳಕೋಣೆಯಲ್ಲೇ ಮಂಚ ಹಾಕಿಸಿಕೊಂಡಿದ್ದಳು.

"ಬೀಗರಿಗೆ ಗೊತ್ತಾಗಬಾರದ್ರಿ ಸರ್," ಎಂದು ವ್ಯಾಪಾರಿ ಕೈ ಮುಗಿದರು.

"ನಾನು ಸುಳ್ಳು ಹೇಳೂದಿಲ್ಲ."

"ಸುಳ್ಳು ಹೇಳಬ್ಯಾಡ್ರಿ. ಸುಮ್ನ ಇರ್ರಿ ಸಾಕು."

ಅಷ್ಟರಲ್ಲಿ ಅಜ್ಜಿಯೇ ನನ್ನನ್ನು ಕರೆಸಿದಳು. "ತಮ್ಮಾ, ಅಕ್ಷತಿ ಎಷ್ಟಕ್ಕ?"

"ಹನ್ನೆರಡಕ್ಕ, ಅಜ್ಜಿ."

"ಖರೇ ಹೇಳು. ನನ್ನ ಲಗ್ನದಾಗ ಮುಂಜಾನೆ ಅಂದು ದೀಪಾ ಹಚ್ಚೂ ಹೊತ್ತಿಗೆ ಹಾಕಿದ್ರು. ಅಷ್ಟೊತ್ತು ನಾ ತಡಕೊಳ್ಳಂಗಿಲ್ಲ."

"ನಾ ಮಾಡಿಸೂ ಲಗ್ನ ತಡ ಆಗೂದಿಲ್ಲ."

ಆದರೆ ಮದುಮಗನ ಸೋದರಮಾವ ಬೀಗರ ಬಿಡದಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ. "ಗುತ್ತಲದಿಂದ ನಮ್ಮ ಅಣ್ಣ ಬರಬೇಕು. ಅವನ ಬಸ್ಸು ಬರೂತನಕ ಮದುಮಗ ಏಳೂದಿಲ್ಲ."

"ಈಗಲೇ ಏಳಬೇಕು," ಎಂದೆ.

"ಏನ್ರಿ ನಿಮ್ಮ ಗಡಿಬಿಡಿ! ಯಾರರ ಸಾಯಾಕತ್ತಾರೇನು?"

ನಾನು ಸುಳ್ಳು ಹೇಳುವವನಲ್ಲ. ಸುಮ್ಮನೆ ಅವನ ಮುಖವನ್ನೇ ನೋಡುತ್ತ ನಿಂತೆ. ಏನು ತಿಳಿದುಕೊಂಡನೋ, ಬಾಯಲ್ಲಿದ್ದುದನ್ನು ಉಗುಳಿ, ಮದುಮಗನನ್ನು ತಾನೇ ಎಬ್ಬಿಸಿದ.

ಅಕ್ಷತೆ ಬಿತ್ತು. ನಾನು ಒಳಕೋಣೆಗೆ ಹೋದೆ. ವ್ಯಾಪಾರಿ ತಾಯಿಯನ್ನು ಮುಟ್ಟಿ ನೋಡಲು ಹೆದರಿ ಬಾಗಿಲಲ್ಲೇ ನಿಂತಿದ್ದರು.

"ಆತು, ಅಜ್ಜಿ."

ಅಜ್ಜಿ ಒಂದು ಕಣ್ಣು ತೆರೆದಳು. "ತಡಾ ಮಾಡಿದಿ."

"ಸ್ವಲ್ಪ."

"ಊಟಕ್ಕ ಇನ್ನ ಎಷ್ಟು ಪಂಕ್ತಿ ಕುಂದ್ರಬೇಕು?"

"ನಾಲ್ಕು."

ಆಕೆ ನಿಟ್ಟುಸಿರು ಬಿಟ್ಟಳು. "ಅಷ್ಟೂ ಉಂಡು ಏಳ್ಲಿ. ಅಷ್ಟು ಹೋಳಿಗಿ ಮಾಡಿಸಿ ಚೆಲ್ಲಾಕ ಬರೂದಿಲ್ಲ. ಆದ್ರ ಲಗೂ ಬಡಿಸು."

ಉಣ್ಣುವವರಿಗೆ ಅವಸರ ಮಾಡುವುದು ನನ್ನ ನಿಯಮವಲ್ಲ. ಅವತ್ತು ಮಾಡಿದೆ, ಬೈಸಿಕೊಂಡೆ. ಕೊನೆಯ ಎಲೆ ಎತ್ತಿದ ಮೇಲೆ ಮೊಮ್ಮಗಳು ಬಂದು ಕಾಲಿಗೆ ಬಿದ್ದಳು. ಅಜ್ಜಿ ಅವಳ ತಲೆ ಸವರಿ, "ನಡಿ, ಬಸ್ಸು ನಿಂತೈತಿ," ಎಂದಳು. ಬೀಗರ ಬಸ್ಸು ರಸ್ತೆಯ ತಿರುವು ದಾಟಿದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮತ್ತೆ ಏಳಲಿಲ್ಲ. ಹೊತ್ತಿನ ವಿಷಯದಲ್ಲಿ ನನಗಿಂತ ಕಟ್ಟುನಿಟ್ಟಿನ ಮನುಷ್ಯರನ್ನು ನಾನು ನೋಡಿದ್ದು ಆ ಒಂದೇ ಸಲ.

ಮರುದಿನ ಮಣ್ಣು ಹತ್ತು ಗಂಟೆಗೆ ಎಂದಿದ್ದರು. ನಾನು ಹತ್ತಕ್ಕೇ ಹೋಗಿ ನಿಂತೆ. ನಮ್ಮ ಕಡೆ ಹೆಣವನ್ನು ಕೂಡಿಸಿಯೇ ಒಯ್ಯುವುದು; ಅಜ್ಜಿಯೂ ಹಾರ ಹಾಕಿಸಿಕೊಂಡು ತಯಾರಾಗಿ ಕೂತಿದ್ದಳು. ಮಧ್ಯಾಹ್ನ ಇಳಿದರೂ ಯಾರೂ ಎತ್ತಲಿಲ್ಲ. ವಿಚಾರಿಸಿದರೆ, ಹೊಸ ಬೀಗರ ಸಾಲಿನಿಂದ ಆ ಸೋದರಮಾವ ಕೈ ಎತ್ತಿದ:

"ನಿಂದರ್ರಿ ಸರ್. ಗುತ್ತಲದಿಂದ ನಮ್ಮ ಅಣ್ಣ ಬರಬೇಕು."