ಚಂದ್ರಲೋಕದ ಬುಕ್‌ಪೋಸ್ಟ್

ಗ್ರಹ ನಕ್ಷತ್ರಗಳ ಕಥೆ ಬರೆಯುವವರು ಬಹಳ ದೂರ ತಿರುಗಾಡಿದವರೆಂದು ನೀವು ತಿಳಿದಿದ್ದರೆ ನನ್ನ ಕಡೆ ನೋಡಿ. ಇಂಡಿ ಎಂಬ ಊರಿನಲ್ಲಿ ಮಾಸ್ತರನಾಗಿದ್ದ ನಾನು ಚಂದ್ರಲೋಕಕ್ಕೆ ಹನ್ನೊಂದು ಸಲ ಹೋಗಿ ಬಂದಿದ್ದೆ, ಸೊಲ್ಲಾಪುರ ದಾಟಿರಲಿಲ್ಲ. ರಷ್ಯದವರು ಆಕಾಶಕ್ಕೆ ಗೋಲ ಹಾರಿಸಿದ ಕಾಲ ಅದು. ಇನ್ನು ಮಾಸಪತ್ರಿಕೆಗಳೆಲ್ಲ ನನ್ನಂಥವರನ್ನೇ ಹುಡುಕಿಕೊಂಡು ಬರುತ್ತವೆ ಎಂದುಕೊಂಡಿದ್ದೆ. ಪತ್ರಿಕೆಗಳು ಹಾಗೆ ಅಂದುಕೊಂಡಿರಲಿಲ್ಲ. ಹೋದ ಕಥೆ ಹದಿನೈದು ದಿನಕ್ಕೆ ಮನೆ ಸೇರುತ್ತಿತ್ತು.

ಮನೆಯೆಂದರೆ ಒಂದು ಬಾಡಿಗೆ ಕೋಣೆ. ಊಟ ಖಾನಾವಳಿಯಲ್ಲಿ. ಶಾಲೆ ಬಿಟ್ಟ ಮೇಲೆ ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ. ಜೊತೆಯ ಮಾಸ್ತರರಿಗೆ ಒಮ್ಮೆ ಕಥೆ ಓದಿ ಹೇಳಿದೆ. "ಲಗೂ ಲಗ್ನಾ ಮಾಡ್ಕೊಂಬಿಡ್ರಿ" ಎಂಬ ವಿಮರ್ಶೆ ಬಂತು. ಅಚ್ಚಾಗುವುದಕ್ಕಿಂತ, ಯಾರಾದರೂ ಒಬ್ಬರು ಕಥೆಯನ್ನು ಪೂರ್ತಿ ಓದಲಿ ಎಂಬುದೇ ನನ್ನ ಆಸೆಯಾಗಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಆಗ ಒಪ್ಪಿಕೊಳ್ಳುವಷ್ಟು ಧೈರ್ಯವಿರಲಿಲ್ಲ.

ಕಥೆಗಳನ್ನು ಬುಕ್‌ಪೋಸ್ಟಿನಲ್ಲಿ ಕಳಿಸುವುದು ರೂಢಿ. ಅಗ್ಗವೇನೋ ಹೌದು, ಆದರೆ ಲಕೋಟೆಯ ಬಾಯಿ ಅಂಟಿಸುವಂತಿಲ್ಲ. ಒಂದು ಸಂಜೆ, ಓಣಿಯ ಡಬ್ಬಿಯ ಟಪಾಲು ಒಯ್ಯುವ, ಬಂದದ್ದನ್ನು ಹಂಚುವ ಮಕ್ತುಮಸಾಬರು ಮರಳಿ ಬಂದ ಕಥೆಯನ್ನು ಕೈಗಿಟ್ಟು, ಹೋಗದೆ ಬಾಗಿಲಲ್ಲೇ ನಿಂತರು.

"ಸಿಟ್ಟಾಗಬ್ಯಾಡ್ರಿ ಮಾಸ್ತರ್ರ. ಆ ಮನಿಷ್ಯಾನ್ನ ಚಂದ್ರನ ಮ್ಯಾಲ ಒಬ್ಬನ್ನ ಬಿಟ್ಟ ಬಂದೀರಲ್ರಿ. ಅಂವ ಯಾರ ಕೂಡ ಮಾತಾಡ್ಬೇಕ್ರಿ?"

ಸಿಟ್ಟಾಗುವ ಬದಲು ಕುರ್ಚಿ ಕೊಟ್ಟೆ. ನನ್ನ ಕಥೆಗಳನ್ನೆಲ್ಲ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅವರು ಓದಿದ್ದರು. ನನ್ನ ಸಮಸ್ತ ಓದುಗವರ್ಗ ಖಾಕಿ ಅಂಗಿ ತೊಟ್ಟು ಎದುರಿಗೆ ಕೂತು ನೀರು ಕುಡಿಯುತ್ತಿತ್ತು.

ಮರುದಿನವೇ ಕಥೆ ತಿದ್ದಿದೆ. ಚಂದ್ರನ ಮೇಲೆ ಇನ್ನೊಬ್ಬನನ್ನು ಇಳಿಸಿದೆ. ಅವನ ಗಂಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. "ಈಗ ಛಲೋ ಆತ್ರಿ" ಎಂದರು ಮಕ್ತುಮಸಾಬರು. ಅದೇ ಕಥೆಯನ್ನು ಒಂದು ಪತ್ರಿಕೆ ಒಪ್ಪಿಕೊಂಡಿತು. ಜೊತೆಗೆ ಸಂಪಾದಕರ ಕಾಗದ: "ಹಾಳೆಗಳ ಮೇಲೆ ಎಣ್ಣೆಯ ಕಲೆಗಳಿವೆ. ಇನ್ನು ಮುಂದೆ ಅಂಟಿಸಿದ ಲಕೋಟೆಯಲ್ಲಿ ಬಂದರೆ ಮಾತ್ರ ನಿಮ್ಮ ಕಥೆ ನೋಡುತ್ತೇವೆ."

ಮಕ್ತುಮಸಾಬರು ಮಧ್ಯಾಹ್ನದ ಬುತ್ತಿ ಬಿಚ್ಚಿಕೊಂಡು ಓದುತ್ತಿದ್ದರೆಂದು ಆಗ ತಿಳಿಯಿತು. ಅವರಿಗೆ ಕಾಗದದ ಸುದ್ದಿ ಹೇಳಲಿಲ್ಲ. ಹೊಸ ಕಥೆ ಮುಗಿದಾಗ ಗೋಂದಿನ ಶೀಸೆ ಎದುರಿಗಿಟ್ಟುಕೊಂಡು ಎರಡು ದಿನ ಕೂತೆ. ಅಂಟಿಸಿದರೆ ನಾನು ನಾಡಿಗೆಲ್ಲ ಲೇಖಕ; ಅಂಟಿಸದಿದ್ದರೆ ಮಕ್ತುಮಸಾಬರಿಗೆ ಮಾತ್ರ. ಕೊನೆಗೆ ಲಕೋಟೆಯ ಬಾಯಿ ತೆರೆದೇ ಇಟ್ಟು, ಮೇಲೆ ನನ್ನದೇ ವಿಳಾಸ ಬರೆದು, ಓಣಿಯ ಟಪಾಲು ಡಬ್ಬಿಗೆ ಹಾಕಿ ಬಂದೆ.

ಡಬ್ಬಿಯಿಂದ ನನ್ನ ಬಾಗಿಲಿಗೆ ಇನ್ನೂರು ಹೆಜ್ಜೆ. ಕಥೆ ಬರಲು ನಾಲ್ಕು ದಿನ ಹಿಡಿಯಿತು.

"ತಡಾ ಆತ್ರಿ ಮಾಸ್ತರ್ರ," ಎಂದರು ಮಕ್ತುಮಸಾಬರು, ಕರೆಯುವ ಮೊದಲೇ ಕುರ್ಚಿಯಲ್ಲಿ ಕೂಡುತ್ತ. "ಈ ಸಲ ಕಥಿಯೊಳಗ ಮಂದಿ ಭಾಳ ಅದಾರ ನೋಡ್ರಿ, ಸಾವಕಾಶ ಓದೀನಿ."

ವಿಳಾಸದ ಬಗ್ಗೆ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಥೆಯನ್ನು ಅವರ ಕೈಗೇ ಕೊಟ್ಟುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೊಡಬಹುದಿತ್ತು. ಆದರೆ ಹಾಗೆ ಕೊಟ್ಟಿದ್ದರೆ ಅವರಿಗೆ ನನ್ನ ಮನೆಗೆ ಬರುವ ಕೆಲಸವೇನಿರುತ್ತಿತ್ತು?